ಲೈಫ್ ಈಸ್ ಸ್ಟ್ರೇಂಜ್: ಹಲವು ಮಳೆಗಾಲಗಳ ಬಳಿಕ

ಪ್ಯಾರಿಸ್ಸಿನ ಡೋಂಟ್‌ನಾಡ್ ಸಂಸ್ಥೆ ತಯಾರಿಸಿದ ‘ಲೈಫ್ ಈಸ್ ಸ್ಟ್ರೇಂಜ್’ 2015ರ ಜನವರಿಯಿಂದ ಅಕ್ಟೋಬರ್‌ವರೆಗೆ ಐದು ಕಂತುಗಳಲ್ಲಿ ಬಂದ ವಿಡಿಯೊ ಗೇಮ್. ಇದರ ಬಗ್ಗೆ ಮಾತನಾಡುವವರೆಲ್ಲ ಕಾಲವನ್ನು ಹಿಂದಕ್ಕೆ ತಿರುಗಿಸಬಲ್ಲ ನಾಯಕಿ ಮ್ಯಾಕ್ಸ್‌ಳ ಶಕ್ತಿಯನ್ನೇ ಮೊದಲು ಹೇಳುತ್ತಾರೆ. ಮಡಿಕೇರಿಯ ಹಲವು ಮಳೆಗಾಲಗಳಲ್ಲಿ ಇದನ್ನು ಮತ್ತೆ ಮತ್ತೆ ಆಡಿರುವ ನಾನಾದರೋ ಆ ಶಕ್ತಿ ಕೈಕೊಡುವ ಒಂದು ಸನ್ನಿವೇಶಕ್ಕಾಗಿಯೇ ಈ ಗೇಮನ್ನು ಶಿಫಾರಸು ಮಾಡುತ್ತೇನೆ. ಕೊನೆಯ ಕಂತಿನ ಬಗ್ಗೆ ಮಾತ್ರ ನನ್ನ ತಕರಾರು ಪ್ರತಿ ಸಲವೂ ಹೆಚ್ಚುತ್ತಲೇ ಇದೆ.

ಎರಡನೆಯ ಕಂತಿನ ಕೊನೆಯಲ್ಲಿ ಕೇಟ್ ಮಾರ್ಷ್ ಎಂಬ ಸಹಪಾಠಿ ಹಾಸ್ಟೆಲಿನ ಚಾವಣಿಯ ಅಂಚಿಗೆ ಬಂದು ನಿಲ್ಲುತ್ತಾಳೆ. ಪಾರ್ಟಿಯೊಂದರಲ್ಲಿ ಅವಳಿಗೆ ಮತ್ತು ಬರಿಸಿ ತೆಗೆದ ವಿಡಿಯೊ ಶಾಲೆಯ ತುಂಬ ಹರಿದಾಡಿರುತ್ತದೆ. ಅಲ್ಲಿಯವರೆಗೆ ತಪ್ಪು ಮಾತು ಬಾಯಿಂದ ಹೊರಟರೆ ಕಾಲವನ್ನು ಹಿಂದಕ್ಕೆ ಎಳೆದು ಬೇರೆ ಮಾತು ಆಡಬಹುದಾಗಿತ್ತು. ಚಾವಣಿಯ ಮೇಲೆ ಅದು ಸಾಧ್ಯವಿಲ್ಲ. ಮ್ಯಾಕ್ಸ್ ದಣಿದುಹೋಗಿದ್ದಾಳೆ, ಮಾತು ಆಡಿದರೆ ಹೋಯಿತು. ಆಗ ನೆರವಿಗೆ ಬರುವುದು ಆಟದ ಕೌಶಲವಲ್ಲ, ಕೇಟ್‌ಳ ಬಗ್ಗೆ ನಾವು ಹಿಂದೆ ತೋರಿದ ಗಮನ. ಸ್ನಾನದ ಮನೆಯ ಕನ್ನಡಿಯ ಮೇಲೆ ಯಾರೋ ಬರೆದಿದ್ದ ಆ ವಿಡಿಯೊದ ವಿಳಾಸವನ್ನು ನಾವು ಒರೆಸಿದ್ದೆವೇ, ಹೋಟೆಲಿನಲ್ಲಿ ಹಳೆಯ ಗೆಳತಿ ಕ್ಲೋಯಿಯ ಎದುರು ಕುಳಿತಿದ್ದಾಗ ಬಂದ ಕೇಟ್‌ಳ ಕರೆಯನ್ನು, ಕ್ಲೋಯಿ ಮುನಿಸಿಕೊಳ್ಳುತ್ತಾಳೆಂದು ಗೊತ್ತಿದ್ದೂ, ಎತ್ತಿಕೊಂಡಿದ್ದೆವೇ, ಅವಳ ಕೋಣೆಗೆ ಹೋದಾಗ ಬೈಬಲಿನಲ್ಲಿ ಅವಳಿಗೆ ಯಾವ ವಚನ ಸಮಾಧಾನ ಕೊಡುತ್ತದೆ, ಮನೆಯವರಲ್ಲಿ ಅವಳಿಗೆ ಯಾರು ಹತ್ತಿರದವರು ಎಂದು ಕಣ್ಣು ಹಾಯಿಸಿದ್ದೆವೇ ಎಂಬುದೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಪಿಯುಸಿ ಮಕ್ಕಳಿಗೆ ಪಾಠ ಹೇಳುವ ನನಗೆ, ಒಬ್ಬ ಹುಡುಗಿಯನ್ನು ಉಳಿಸುವುದು ಕೊನೆಯ ಗಳಿಗೆಯ ಭಾಷಣವಲ್ಲ, ವಾರವಿಡೀ ಅವಳನ್ನು ನೋಡುತ್ತಿರುವುದು ಎಂಬ ತಿಳಿವಳಿಕೆಯನ್ನು ಆಟದ ನಿಯಮವನ್ನಾಗಿಯೇ ಮಾಡಿರುವುದು ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಕೇಟ್ ಉಳಿದರೂ ಉಳಿಯದಿದ್ದರೂ ಕಥೆ ಮುಂದುವರಿಯುತ್ತದೆ. ಉಳಿದರೆ ನಾಲ್ಕನೆಯ ಕಂತಿನಲ್ಲಿ ಆಸ್ಪತ್ರೆಗೆ ಹೋಗಿ ಅವಳನ್ನು ಮಾತನಾಡಿಸಬಹುದು.

ಮನೆಯಲ್ಲಿ ಹದಿಹರೆಯದವರಿರುವ ಪಾಲಕರು ಈ ಸನ್ನಿವೇಶವನ್ನು ಅವರೊಂದಿಗೆ ಕುಳಿತು ನೋಡುವುದು ಒಳ್ಳೆಯದು. ಯುರೋಪಿನಲ್ಲಿ ಈ ಗೇಮಿಗೆ 16 ವರ್ಷ ಮೇಲ್ಪಟ್ಟವರಿಗೆ ಎಂಬ ದರ್ಜೆ ಇದೆ. ಇಂಥ ನೋವಿನಲ್ಲಿರುವವರು ನಮ್ಮಲ್ಲಿ ಯಾರಾದರೂ ಇದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಮಾತನಾಡಬಹುದು.

ನಾನು ಒಂದು ಸಂಜೆಗೆ ಅರ್ಧ ಕಂತಿಗಿಂತ ಹೆಚ್ಚು ಆಡುವುದಿಲ್ಲ. ಜುಲೈ ತಿಂಗಳ ಮಳೆಯಲ್ಲಿ ಇಲ್ಲಿ ಕರೆಂಟನ್ನು ನಂಬುವಂತಿಲ್ಲ. ಆದ್ದರಿಂದ ಲ್ಯಾಪ್‌ಟಾಪನ್ನು ಮಧ್ಯಾಹ್ನವೇ ಚಾರ್ಜ್ ಮಾಡಿಟ್ಟು, ಬೆಲ್ಲದ ಕಾಪಿ ಮಾಡಿಕೊಂಡು, ಕಿಟಕಿಯ ಬದಿಗೆ ಕುಳಿತುಕೊಳ್ಳುತ್ತೇನೆ. ಕಥೆಯನ್ನು ಮುಂದುವರಿಸುವ ಮೊದಲು ಮ್ಯಾಕ್ಸ್‌ಳ ಡೈರಿಯ ಹೊಸ ಪುಟವನ್ನು ಪೂರ್ತಿ ಓದುತ್ತೇನೆ, ಬಳಿಕ ಅವಳ ಫೋನಿಗೆ ಬಂದ ಸಂದೇಶಗಳನ್ನು ನೋಡುತ್ತೇನೆ. ಅವಳ ಕೋಣೆಯಲ್ಲಿರುವ ಲೀಸಾ ಎಂಬ ಗಿಡಕ್ಕೆ ನೀರು ಹಾಕುವುದನ್ನು ಯೋಚಿಸಿ ನಿರ್ಧರಿಸುತ್ತೇನೆ, ಏಕೆಂದರೆ ಅತಿಯಾಗಿ ನೀರು ಹಾಕಿದರೂ ಅದು ಸಾಯುತ್ತದೆ. ಕರಿಮೆಣಸಿನ ಬಳ್ಳಿಯ ಬುಡದಲ್ಲಿ ನೀರು ನಿಂತರೆ ಏನಾಗುತ್ತದೆಂದು ಬಲ್ಲ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಎಲ್ಲಿ ಬೆಂಚು ಕಂಡರೂ, ಮೆಟ್ಟಿಲು ಕಂಡರೂ ಮ್ಯಾಕ್ಸ್‌ಳನ್ನು ಅಲ್ಲಿ ಕೂರಿಸುತ್ತೇನೆ. ಅವಳು ತನ್ನಷ್ಟಕ್ಕೆ ಯೋಚಿಸುತ್ತಾಳೆ, ಸಣ್ಣ ದನಿಯಲ್ಲಿ ಗಿಟಾರ್ ಕೇಳಿಸುತ್ತದೆ, ನಾವು ಎಬ್ಬಿಸುವವರೆಗೂ ಅವಳು ಏಳುವುದಿಲ್ಲ. ಸುಮ್ಮನೆ ಕುಳಿತಿರುವುದಕ್ಕೆ ಇಷ್ಟು ಮರ್ಯಾದೆ ಕೊಟ್ಟ ಇನ್ನೊಂದು ಗೇಮನ್ನು ನಾನು ಆಡಿಲ್ಲ.

ಮ್ಯಾಕ್ಸ್ ಮತ್ತು ಕ್ಲೋಯಿಯ ಸ್ನೇಹದ ಎಳೆ ಕೊಡಗಿನವರಿಗೆ ಬೇಗ ತಟ್ಟುತ್ತದೆ ಎಂದು ನನ್ನ ಎಣಿಕೆ. ಓದಿಗಾಗಿ ಮೈಸೂರು, ಮಂಗಳೂರುಗಳ ಹಾಸ್ಟೆಲಿಗೆ ಹೋದ ಮಕ್ಕಳು ಮತ್ತು ಊರಿನಲ್ಲೇ ಉಳಿದ ಅವರ ಗೆಳೆಯರ ನಡುವೆ ಬೆಳೆಯುವ ಮೌನವನ್ನು ಇಲ್ಲಿ ಪ್ರತಿ ಮನೆಯೂ ಕಂಡಿದೆ. ಮ್ಯಾಕ್ಸ್ ಸಿಯಾಟಲ್‌ಗೆ ಹೋಗಿ ಐದು ವರ್ಷದ ಬಳಿಕ ಊರಿಗೆ ಮರಳಿದ್ದಾಳೆ. ತಂದೆಯನ್ನು ಕಾರು ಅಪಘಾತದಲ್ಲಿ ಕಳೆದುಕೊಂಡ ಕ್ಲೋಯಿಗೆ ಆ ಐದು ವರ್ಷ ಗೆಳತಿಯಿಂದ ಸುದ್ದಿಯಿಲ್ಲ. ಆದ್ದರಿಂದ ಕ್ಲೋಯಿಯ ಒರಟು ಮಾತುಗಳನ್ನು ಹಲವು ಆಟಗಾರರು ದೂರಿದರೂ ನನಗೆ ಅವು ಸಹಜವಾಗಿಯೇ ಕೇಳಿಸುತ್ತವೆ. ಮೂರನೆಯ ಕಂತಿನಲ್ಲಿ ಮ್ಯಾಕ್ಸ್ ಹಳೆಯ ಫೋಟೊ ಒಂದರ ಮೂಲಕ ಹಿಂದಕ್ಕೆ ಹೋಗಿ ಆ ತಂದೆಯನ್ನು ಉಳಿಸುತ್ತಾಳೆ, ಅದರ ಬೆಲೆಯಾಗಿ ಆ ಇನ್ನೊಂದು ಬದುಕಿನಲ್ಲಿ ಕ್ಲೋಯಿಯೇ ಅಪಘಾತಕ್ಕೀಡಾಗಿ ಗಾಲಿಕುರ್ಚಿಯಲ್ಲಿರುತ್ತಾಳೆ. ಅಲ್ಲಿಯವರೆಗೆ ಪ್ರತಿ ಆಯ್ಕೆಗೂ ತೂಕವಿದೆ.

ಇಷ್ಟು ಜತನದಿಂದ ಕಟ್ಟಿದ್ದನ್ನು ಐದನೆಯ ಕಂತು ಎರಡು ಆಯ್ಕೆಗಳಿಗೆ ಇಳಿಸಿಬಿಡುತ್ತದೆ: ಕ್ಲೋಯಿಯನ್ನು ಸಾವಿಗೆ ಬಿಟ್ಟುಕೊಡಬೇಕು, ಇಲ್ಲವೇ ಚಂಡಮಾರುತಕ್ಕೆ ಕಥೆ ನಡೆಯುವ ಆರ್ಕೇಡಿಯಾ ಬೇ ಊರನ್ನೇ ಬಿಟ್ಟುಕೊಡಬೇಕು. ನಾವು ಕೇಟ್‌ಳನ್ನು ಉಳಿಸಿದ್ದೆವೋ ಇಲ್ಲವೋ, ಕ್ಲೋಯಿಯ ಮಲತಂದೆಯೊಂದಿಗೆ ಹೇಗೆ ನಡೆದುಕೊಂಡಿದ್ದೆವು ಎಂಬುದು ಯಾವುದೂ ಈ ಎರಡು ದಾರಿಗಳನ್ನು ಬದಲಿಸುವುದಿಲ್ಲ. ಅದನ್ನಾದರೂ ಸಹಿಸಿಕೊಳ್ಳಬಹುದು. ಊರನ್ನು ಬಿಟ್ಟುಕೊಟ್ಟರೆ ಬರುವ ಮುಕ್ತಾಯವನ್ನು ನನಗೆ ಸಹಿಸಲಾಗುವುದಿಲ್ಲ. ಗೆಳತಿಯರಿಬ್ಬರೂ ಟ್ರಕ್ಕಿನಲ್ಲಿ ಕುಳಿತು ಹಾಳಾದ ಬೀದಿಯ ಮೂಲಕ ಮಾತಿಲ್ಲದೆ ಹೊರಟುಹೋಗುತ್ತಾರೆ. ಚಂಡಮಾರುತದ ಹೊತ್ತಿನಲ್ಲಿ ಕ್ಲೋಯಿಯ ತಾಯಿ ಜಾಯ್ಸ್ ಹೋಟೆಲಿನಲ್ಲಿದ್ದಳು. ಅವಳನ್ನು ಹುಡುಕಲು ಗಾಡಿ ನಿಲ್ಲುವುದಿಲ್ಲ, ಅವಳು ಏನಾದಳೆಂದು ಗೇಮ್ ಹೇಳುವುದೂ ಇಲ್ಲ. ಇನ್ನೊಂದು ಮುಕ್ತಾಯಕ್ಕೆ ಅಂತ್ಯಕ್ರಿಯೆಯ ದೃಶ್ಯವಿದೆ, ಶೋಕಕ್ಕೆ ಸಮಯವಿದೆ, ಇದಕ್ಕೆ ಅವೆರಡೂ ಇಲ್ಲ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳು ಜಾರಿದಾಗ ಪರಿಹಾರ ಕೇಂದ್ರಗಳಲ್ಲಿ ಜನ ಕೇಳುತ್ತಿದ್ದುದು ಒಂದೇ ಮಾತು: ಯಾರು ಸಿಕ್ಕಿದರು, ಯಾರು ಸಿಕ್ಕಿಲ್ಲ. ಬದುಕಿ ಬಂದವರು ತಿರುವಿನ ಮನೆಯವರ ಹೆಸರು ಹಿಡಿದು, ಕೊಟ್ಟಿಗೆಯಲ್ಲಿ ಉಳಿದ ದನಗಳನ್ನೂ ಬಿಡದೆ ವಿಚಾರಿಸುತ್ತಿದ್ದರು. ಊರನ್ನು ಕಳೆದುಕೊಂಡವರು ಮೊದಲು ಮಾಡುವ ಆ ಕೆಲಸವನ್ನೇ ಈ ಮುಕ್ತಾಯ ಬಿಟ್ಟುಬಿಟ್ಟಿದೆ. ಕ್ಲೋಯಿಯನ್ನು ಆಯ್ದುಕೊಳ್ಳುವುದು ತಪ್ಪೆಂದು ನಾನು ಹೇಳುತ್ತಿಲ್ಲ, ಆಯ್ದುಕೊಂಡವರಿಗೆ ಅಳುವುದಕ್ಕೂ ಅವಕಾಶ ಕೊಡದಿರುವುದು ಅನ್ಯಾಯ ಎನ್ನುತ್ತಿದ್ದೇನೆ.

ಮಂಗಳೂರಿನಲ್ಲಿ ಓದುತ್ತಿರುವ ನನ್ನ ಅಕ್ಕನ ಮಗಳು ಪ್ರತಿ ಸಲ ಕ್ಲೋಯಿಯನ್ನೇ ಉಳಿಸುತ್ತಾಳೆ. “ಚಿಕ್ಕಮ್ಮ, ಐದು ಕಂತೂ ಅವಳನ್ನು ಸಾವಿನಿಂದ ತಪ್ಪಿಸೋದಕ್ಕೇ ಓಡಾಡಿದ್ದೀವಿ, ಈಗ ಹೇಗೆ ಬಿಡೋದು?” ಎಂಬ ಅವಳ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಅವಳ ಆಯ್ಕೆಗೆ ತಕ್ಕ ಮುಕ್ತಾಯ ಅವಳಿಗೆ ಸಿಗಬೇಕಾಗಿತ್ತು.

ಕೊಳ್ಳುವವರಿಗೆ ಹೇಳಬೇಕಾದದ್ದು ಸ್ವಲ್ಪವೇ. ಮೊದಲ ಕಂತು 2016ರಿಂದ ಉಚಿತವಾಗಿದೆ, ಅದನ್ನು ಆಡಿ ನೋಡಿ. ಉಳಿದದ್ದನ್ನು ಬೆಲೆ ಇಳಿದಾಗ ಕೊಳ್ಳಿ, ನಾನು ಕೊಂಡದ್ದೂ ಹಾಗೆಯೇ. ಕನ್ನಡದ ಅಡಿಬರಹವಿಲ್ಲ, ಇಂಗ್ಲಿಷ್ ಅಡಿಬರಹವನ್ನು ಹಾಕಿಕೊಂಡರೆ ಅಮೆರಿಕದ ಹುಡುಗರ ಆಡುಮಾತು ಸುಲಭವಾಗುತ್ತದೆ. 2022ರ ಪರಿಷ್ಕೃತ ಆವೃತ್ತಿಗಾಗಿ ಹೊಸ ಯಂತ್ರ ಕೊಳ್ಳುವ ಅಗತ್ಯ ನನಗಂತೂ ಕಾಣಲಿಲ್ಲ. ಮುಕ್ತಾಯ ನಿಮಗೂ ಕಸಿವಿಸಿ ತಂದರೆ 2018ರಲ್ಲಿ ಆರಂಭವಾದ ಇದೇ ಸರಣಿಯ ಎರಡನೆಯ ಗೇಮನ್ನು ತೆಗೆದುಕೊಳ್ಳಿ. ಅದರಲ್ಲಿ 16 ವರ್ಷದ ಶಾನ್, 9 ವರ್ಷದ ತಮ್ಮ ಡೇನಿಯಲ್‌ನನ್ನು ಕರೆದುಕೊಂಡು ಊರೂರು ಅಲೆಯುತ್ತಾನೆ. ಅಣ್ಣ ದಾರಿಯುದ್ದಕ್ಕೂ ನಡೆದುಕೊಂಡದ್ದನ್ನು ನೋಡಿ ತಮ್ಮ ಕಲಿಯುತ್ತಾನೆ. ಕೊನೆಯಲ್ಲಿ ಅಣ್ಣ ಏನೇ ನಿರ್ಧರಿಸಿದರೂ, ತಮ್ಮ ಅದಕ್ಕೆ ಒಪ್ಪುತ್ತಾನೋ ಇಲ್ಲವೋ ಎಂಬುದು ಅವನು ಹಾಗೆ ಕಲಿತದ್ದರ ಮೇಲೆ ನಿಂತಿರುತ್ತದೆ.