ಐವತ್ತು ದಾಟಿದ ಹೆಂಗಸರ ಮಲ್ಟಿವಿಟಮಿನ್: ನೆನಪಿಗೆ ಎಷ್ಟು, ಮನಸ್ಸಿಗೆ ಎಷ್ಟು?

ಮೆಡಿಕಲ್ ಸ್ಟೋರಿನ ಕಪಾಟಿನಲ್ಲಿ ‘50+’, ‘ಸಿಲ್ವರ್’, ‘ವುಮನ್’ ಎಂದು ಬರೆದ ಡಬ್ಬಿಗಳು ಈಗ ಸಾಲುಗಟ್ಟಿವೆ. ಮರೆವು ಶುರುವಾದ ಅಮ್ಮನಿಗೋ ಅತ್ತೆಗೋ ಒಂದು ಡಬ್ಬಿ ಒಯ್ಯುವ ಮುಂಚೆ ತಿಳಿದಿರಬೇಕಾದ್ದು ಇದು. ನೆನಪಿನ ಮೇಲೆ ಇವುಗಳಿಂದ ಒಂದಿಷ್ಟು ಅನುಕೂಲ ಕಂಡಿದೆ, ಆದರೆ ಸಣ್ಣದು. ಮನಸ್ಸಿನ ವಿಷಯದಲ್ಲಿ ಪುರಾವೆ ತೆಳು. ವಿಟಮಿನ್ ಕೊರತೆ ನಿಜವಾಗಿ ಇದ್ದವರಿಗೆ ಅದನ್ನು ತುಂಬಿದಾಗ ದೊಡ್ಡ ಲಾಭ ಸಿಗುತ್ತದೆ. ಅದಕ್ಕೆ ಮಲ್ಟಿವಿಟಮಿನ್‌ನಲ್ಲಿರುವ ಪ್ರಮಾಣ ಹೆಚ್ಚಾಗಿ ಸಾಲುವುದಿಲ್ಲ.

ಡಬ್ಬಿಗಳ ಮೇಲಿನ ಭರವಸೆಗೆ ಬಹುಮಟ್ಟಿಗೆ ಮೂಲವಾದದ್ದು ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯ ನೇತೃತ್ವದ ‘ಕಾಸ್ಮೋಸ್’ ಪ್ರಯೋಗ. ಒಟ್ಟು 21,442 ಮಂದಿ. ಹೆಂಗಸರು 65 ದಾಟಿದವರು, ಗಂಡಸರು 60 ದಾಟಿದವರು. ಅರ್ಧದಷ್ಟು ಜನರಿಗೆ ದಿನಕ್ಕೊಂದು ಸೆಂಟ್ರಮ್ ಸಿಲ್ವರ್ ಎಂಬ ಮಲ್ಟಿವಿಟಮಿನ್ ಮಾತ್ರೆ, ಮಿಕ್ಕವರಿಗೆ ನೋಡಲು ಹಾಗೇ ಇರುವ, ಔಷಧಿಯಿಲ್ಲದ ಮಾತ್ರೆ. ಇವರಲ್ಲಿ 2,262 ಮಂದಿಯ ನೆನಪನ್ನು ಫೋನಿನಲ್ಲಿ ಪರೀಕ್ಷಿಸಿದ ಫಲಿತಾಂಶ 2022ರಲ್ಲಿ ಬಂತು, 3,562 ಮಂದಿಯನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸಿದ್ದು 2023ರಲ್ಲಿ, 573 ಮಂದಿಯನ್ನು ಎದುರಿಗೆ ಕೂರಿಸಿಕೊಂಡು ಪರೀಕ್ಷಿಸಿದ್ದು 2024ರಲ್ಲಿ. ಮೂರೂ ಕಡೆ ಮಲ್ಟಿವಿಟಮಿನ್ ತೆಗೆದುಕೊಂಡವರ ನೆನಪು ಸ್ವಲ್ಪ ಮೇಲಿತ್ತು.

ಈ ‘ಸ್ವಲ್ಪ’ ಎಷ್ಟು ಎಂಬುದನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. 2023ರ ಫಲಿತಾಂಶವನ್ನು ‘ಮೂರು ವರ್ಷ ಎಳೆಯ ನೆನಪು’ ಎಂಬಂತೆ ಪ್ರಚಾರ ಮಾಡಿದರು. ಪರೀಕ್ಷೆಯಲ್ಲಿ 20 ಪದ ತೋರಿಸಿ, ಕೂಡಲೇ ಎಷ್ಟು ನೆನಪಿದೆ ಎಂದು ಕೇಳುತ್ತಿದ್ದರು. ಒಂದು ವರ್ಷದ ಬಳಿಕ ಎರಡು ಗುಂಪುಗಳ ಸುಧಾರಣೆಯ ನಡುವಿನ ಅಂತರ ಸರಾಸರಿ ಸುಮಾರು ಕಾಲು ಪದ. ಸಾವಿರಾರು ಜನರ ಲೆಕ್ಕದಲ್ಲಿ ಇದಕ್ಕೆ ಅರ್ಥವಿದೆ. ಆದರೆ ಒಲೆಯ ಮೇಲೆ ಹಾಲಿಟ್ಟು ಮರೆಯುವ ಒಬ್ಬ ಅಜ್ಜಿಯಲ್ಲಿ ಇಷ್ಟು ವ್ಯತ್ಯಾಸ ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಹೃದಯದ ಕಾಯಿಲೆ ಇದ್ದವರಲ್ಲಿ ಲಾಭ ಹೆಚ್ಚು ಕಂಡಿತು. ಭಾಗವಹಿಸಿದವರು ಬಹುಪಾಲು ಅಮೆರಿಕದ ಬಿಳಿಯರು. ಮಾತ್ರೆಗಳನ್ನು ಉಚಿತವಾಗಿ ಒದಗಿಸಿದ್ದು ಅವುಗಳನ್ನು ಮಾರುತ್ತಿದ್ದ ಕಂಪನಿಯೇ. ಇದಕ್ಕೆ ಎದುರಾದ ಫಲಿತಾಂಶವೂ ಇದೆ: 65 ದಾಟಿದ 5,947 ಗಂಡಸು ವೈದ್ಯರ ಮೇಲೆ ಸುಮಾರು 12 ವರ್ಷ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೆನಪಿಗೆ ಯಾವ ಲಾಭವೂ ಕಾಣಲಿಲ್ಲ.

ಹೆಂಗಸರನ್ನೇ ಇಟ್ಟುಕೊಂಡು ಕೆಲಸ ಮಾಡಿದವರು ಮೆಲ್ಬರ್ನಿನ ಸ್ವಿನ್‌ಬರ್ನ್ ವಿಶ್ವವಿದ್ಯಾಲಯದವರು. 2012ರಲ್ಲಿ, ಮರೆವಿನ ದೂರು ಹೇಳುತ್ತಿದ್ದ 56 ಮಂದಿ ವಯಸ್ಸಾದ ಹೆಂಗಸರಿಗೆ 16 ವಾರ ಗಿಡಮೂಲಿಕೆ ಬೆರೆತ ಮಲ್ಟಿವಿಟಮಿನ್ ಕೊಟ್ಟರು. ನೆನಪಿನ ಒಂದು ಬಗೆಯ ಪರೀಕ್ಷೆಯಲ್ಲಿ ಉತ್ತರಿಸುವ ವೇಗ ಹೆಚ್ಚಿತು. ಮುಂದೆ 50ರಿಂದ 75 ವಯಸ್ಸಿನ 76 ಆರೋಗ್ಯವಂತ ಹೆಂಗಸರಿಗೆ ಒಂದೇ ಒಂದು ಮಾತ್ರೆ ಕೊಟ್ಟು ಒಂದು, ಎರಡು ಗಂಟೆಯ ನಂತರ ನೋಡಿದಾಗ ಒತ್ತಡ ಕಡಿಮೆಯಾಗಿ ಮನಸ್ಸು ಹಗುರವಾದಂತಿತ್ತು. ನೆನಪಿನಲ್ಲಿ ಬದಲಾವಣೆ ಇರಲಿಲ್ಲ. ಎರಡು ಗಂಟೆಯ ಹಗುರವನ್ನು ಖಿನ್ನತೆಗೆ ಮದ್ದು ಎಂದು ಓದಿಕೊಳ್ಳಬಾರದು. ವಿಟಮಿನ್ ಡಿ ಮನಸ್ಸಿಗೆ ಒಳ್ಳೆಯದು ಎಂಬ ಮಾತಿಗೂ 2020ರಲ್ಲಿ ಪೆಟ್ಟು ಬಿತ್ತು: 50 ದಾಟಿದ 18,353 ಜನರಿಗೆ ದಿನಕ್ಕೆ 2,000 ಐಯು (ವಿಟಮಿನ್ ಅಳೆಯುವ ಮಾನ) ವಿಟಮಿನ್ ಡಿ3 ಐದು ವರ್ಷ ಕೊಟ್ಟರೂ ಖಿನ್ನತೆ ತಪ್ಪಲಿಲ್ಲ. ಎರಡು ವಾರಕ್ಕೂ ಮೀರಿ ಮಂಕು ಕವಿದಿದ್ದರೆ, ಊಟ ನಿದ್ದೆ ಸೇರದಿದ್ದರೆ, ಡಾಕ್ಟರಿಗೆ ತೋರಿಸಬೇಕು.

ನಮ್ಮ ಕಡೆಯ ಸಸ್ಯಾಹಾರಿ ಹಿರಿಯ ಹೆಂಗಸರ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಬಿ12. ಹಾಲು, ಮೊಸರು ಬಿಟ್ಟರೆ ಅವರಿಗೆ ಅದರ ಮೂಲವೇ ಕಡಿಮೆ. ನೀರು ಬೆರೆಸಿದ ತಿಳಿ ಮಜ್ಜಿಗೆಯಲ್ಲಿ ಅದು ಇನ್ನೂ ಕಡಿಮೆ. ಜೊತೆಗೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್‌ಗೆ ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ಸೇರಿದರೆ ಇದ್ದದ್ದೂ ಇಳಿಯುತ್ತದೆ. ಕೊರತೆಯಿಂದ ಮರೆವು, ಸಿಡುಕು, ಅಂಗಾಲು ಜೋಮು, ನಡೆಯುವಾಗ ತೂರಾಟ ಬರುತ್ತವೆ. ರಕ್ತಪರೀಕ್ಷೆಯಲ್ಲಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆ ಬಂದರೆ ಕೊರತೆ. 200ರಿಂದ 300 ಅನುಮಾನದ ವಲಯ. ಕರುಳು ಒಮ್ಮೆಗೆ ಸಲೀಸಾಗಿ ಹೀರುವುದು ಒಂದೂವರೆ–ಎರಡು ಮೈಕ್ರೋಗ್ರಾಂ ಮಾತ್ರ. ಅದರ ಮೇಲಿನದರಲ್ಲಿ ನೂರಕ್ಕೆ ಒಂದು ಭಾಗ ಒಳಗೆ ಹೋಗುತ್ತದೆ. ಹಾಗಾಗಿಯೇ ಕೊರತೆ ತುಂಬಲು 1,000 ಮೈಕ್ರೋಗ್ರಾಂ ಮಾತ್ರೆ ಅಥವಾ ಇಂಜೆಕ್ಷನ್ ಬರೆಯುತ್ತಾರೆ. ಬಿ12 ನೋಡದೆ ಫೋಲಿಕ್ ಆಸಿಡ್ ಮಾತ್ರ ಜಾಸ್ತಿ ಕೊಡುವುದು ಅಪಾಯ: ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಇನ್ನು ಕೊಳ್ಳುವ ವಿಚಾರ. ಮುಂಭಾಗದ ಚಿತ್ರ ಬಿಟ್ಟು ಹಿಂಭಾಗ ಓದಿ. ಸೆಂಟ್ರಮ್ ಹೆಸರಿನ ಡಬ್ಬಿ ನಮ್ಮಲ್ಲೂ ಸಿಗುತ್ತದೆ, ಆದರೆ ಹೆಸರು ಒಂದೇ ಎಂದು ಅಮೆರಿಕದ ಪ್ರಯೋಗದಲ್ಲಿ ಕೊಟ್ಟ ಮಾತ್ರೆಯೇ ಇದು ಎಂದುಕೊಳ್ಳಬೇಡಿ. ಪ್ರಮಾಣಗಳನ್ನು ಸಾಲುಸಾಲಾಗಿ ಹೋಲಿಸಿ. ಮುಟ್ಟು ನಿಂತವರಿಗೆ, ರಕ್ತಹೀನತೆ ಇಲ್ಲದಿದ್ದರೆ, ಕಬ್ಬಿಣ ಇಲ್ಲದ್ದೇ ಸರಿ. ಇದ್ದರೆ ಮಲಬದ್ಧತೆ, ಹೊಟ್ಟೆ ತೊಳೆಸುವುದು ಆಗಬಹುದು. ವಿಟಮಿನ್ ಎ ರೆಟಿನಾಲ್ ರೂಪದಲ್ಲಿ ದಿನಕ್ಕೆ 10,000 ಐಯು ಮೀರಲೇಬಾರದು, ವಯಸ್ಸಾದ ಮೂಳೆಗೆ ಅದಕ್ಕಿಂತ ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು. ಬಿ6 ಹೆಚ್ಚಿನ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಹೊಟ್ಟೆಗೆ ಹೋದರೆ ಅದೇ ಜೋಮು ತರುತ್ತದೆ. ರೆವಿಟಲ್ ಎಚ್ ಬಗೆಯ ಕ್ಯಾಪ್ಸೂಲ್‌ಗಳಲ್ಲಿ ಜಿನ್ಸೆಂಗ್ ಇರುತ್ತದೆ. ಕೆಲವರ ನಿದ್ದೆ ಕೆಡಿಸುತ್ತದೆ, ಹಾಗಾಗಿ ಸಂಜೆಗೆ ಬೇಡ. ರಕ್ತ ತೆಳುವಾಗಲು ವಾರ್ಫರಿನ್ ಅಥವಾ ಅಸಿಟ್ರಾಮ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಯಾವ ಮಲ್ಟಿವಿಟಮಿನ್ನನ್ನೂ ಶುರುಮಾಡಬಾರದು, ವಿಟಮಿನ್ ಕೆ ಇರುವುದನ್ನಂತೂ ಕೇಳದೆ ಮುಟ್ಟಲೇಬಾರದು.

ನಾವು ಅತಿ ಹೆಚ್ಚು ಎಚ್ಚರಿಸುವುದು ಎರಡು ತಪ್ಪುಗಳ ಬಗ್ಗೆ. ಒಂದು, ಅಂಗಡಿಯಲ್ಲಿ ‘ನರದ ಮಾತ್ರೆ ಕೊಡಿ’ ಎಂದು ಕೇಳುವುದು. ಮೀಥೈಲ್‌ಕೋಬಾಲಮಿನ್ (ಬಿ12ರ ಒಂದು ರೂಪ) ಎಂದು ದಪ್ಪಕ್ಷರದಲ್ಲಿರುವ ಎಷ್ಟೋ ಸ್ಟ್ರಿಪ್‌ಗಳಲ್ಲಿ ಪ್ರಿಗಾಬಾಲಿನ್, ಗಾಬಾಪೆಂಟಿನ್ ಅಥವಾ ನಾರ್‌ಟ್ರಿಪ್ಟಿಲಿನ್ ಎಂಬ ನರನೋವಿನ ಔಷಧಿ ಕೂಡ ಬೆರೆತಿರುತ್ತದೆ. ಇವು ತೂಕಡಿಕೆ, ಮಂಪರು, ತಲೆಸುತ್ತು ತಂದು, ಯಾವ ಮರೆವಿಗೆ ಮಾತ್ರೆ ತಂದಿರೋ ಅದನ್ನೇ ಹೆಚ್ಚಿಸಬಲ್ಲವು. ಈಗಾಗಲೇ ನುಂಗುತ್ತಿದ್ದರೆ ಥಟ್ಟನೆ ನಿಲ್ಲಿಸದೆ ಡಾಕ್ಟರಿಗೆ ಸ್ಟ್ರಿಪ್ ತೋರಿಸಿ. ಎರಡನೆಯದು, ವಾರಕ್ಕೊಂದು ಎಂದು ಬರೆದುಕೊಟ್ಟ 60,000 ಐಯು ವಿಟಮಿನ್ ಡಿಯನ್ನು ದಿನಕ್ಕೊಂದು ತೆಗೆದುಕೊಳ್ಳುವುದು. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಗೊಂದಲ, ಕೊನೆಗೆ ಕಿಡ್ನಿಗೂ ಪೆಟ್ಟು. ಕ್ಯಾಲೆಂಡರಿನಲ್ಲಿ ವಾರದ ಒಂದು ದಿನಕ್ಕೆ ಗುರುತು ಹಾಕಿ, ಡಾಕ್ಟರ ಚೀಟಿಯಲ್ಲಿ ಬರೆದಷ್ಟು ವಾರ ಮುಗಿದ ಮೇಲೆ ನಿಲ್ಲಿಸಿ.

ಮಲ್ಟಿವಿಟಮಿನ್ ನುಂಗಲು ಮಧ್ಯಾಹ್ನದ ಊಟವಾದ ಮೇಲಿನ ಹೊತ್ತು ಒಳ್ಳೆಯದು. ಎ, ಡಿ, ಇ, ಕೆ ಹೀರಲು ಊಟದ ಎಣ್ಣೆ, ತುಪ್ಪ ಬೇಕು. ಖಾಲಿ ಹೊಟ್ಟೆಯಲ್ಲಿ ಜಿಂಕ್ ಓಕರಿಕೆ ತರುತ್ತದೆ. ಬೆಳಿಗ್ಗೆ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅದಕ್ಕೂ ಇದಕ್ಕೂ ನಾಲ್ಕು ಗಂಟೆ ಅಂತರ ಬಿಡಲೇಬೇಕು, ಇಲ್ಲದಿದ್ದರೆ ಕ್ಯಾಲ್ಸಿಯಂ, ಕಬ್ಬಿಣಗಳು ಥೈರಾಯ್ಡ್ ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೂತ್ರ ಕಡುಹಳದಿಯಾದರೆ ಗಾಬರಿ ಬೇಡ, ಅದು ಹೆಚ್ಚಾದ ಬಿ2.

ಮರೆವಿಗಾಗಿ ಡಬ್ಬಿ ತರುವ ಮುನ್ನ ಬಿ12, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಸಕ್ಕರೆ, ಸೋಡಿಯಂ ನೋಡಿಸಿ, ಕಿವಿ ಸರಿಯಾಗಿ ಕೇಳುತ್ತಿದೆಯೇ ಎಂದೂ ನೋಡಿಸಿ. ನಿದ್ದೆ ಮಾತ್ರೆ, ಹಳೆಯ ಬಗೆಯ ನೆಗಡಿ ಮಾತ್ರೆಗಳ ಹೆಸರನ್ನೂ ಡಾಕ್ಟರಿಗೆ ಹೇಳಿ. ಪರೀಕ್ಷೆಗೆ ಮುಂಚೆ ಮಲ್ಟಿವಿಟಮಿನ್ ಶುರುಮಾಡಿದರೆ ಬಿ12 ಅಂಕಿ ಮೇಲೆದ್ದು ಕೊರತೆ ಪತ್ತೆಯಾಗದೆ ಹೋಗಬಹುದು. ಕೂದಲಿಗೆಂದು ಬಯೋಟಿನ್ 5 ಅಥವಾ 10 ಮಿಲಿಗ್ರಾಂ ನುಂಗುತ್ತಿದ್ದರೆ ರಕ್ತ ಕೊಡುವ ಎರಡು ಮೂರು ದಿನ ಮೊದಲೇ ಬಿಟ್ಟಿರಬೇಕು, ಇಲ್ಲವಾದರೆ ಥೈರಾಯ್ಡ್ ವರದಿ ತಪ್ಪು ಬರಬಹುದು. ಎದೆನೋವಿನಿಂದ ಆಸ್ಪತ್ರೆಗೆ ಹೋದಾಗಲೂ ಬಯೋಟಿನ್ ವಿಷಯ ಹೇಳಿಬಿಡಿ. ಹೃದಯಾಘಾತ ಪತ್ತೆಹಚ್ಚುವ ಟ್ರೋಪೋನಿನ್ ಪರೀಕ್ಷೆಯನ್ನೂ ಅದು ದಾರಿತಪ್ಪಿಸಬಲ್ಲದು.