ಸೋಲಾರ್ ಕೈಕೊಟ್ಟ ಬಾಡಿಗೆ ಮನೆಗೆ 15 ಲೀಟರ್ ಗೀಸರ್: ಮೂರು ಚಳಿಗಾಲ ಬಳಸಿದ ಮೇಲೆ

ನಾವಿರುವುದು ಚಿಕ್ಕಬಳ್ಳಾಪುರದಲ್ಲಿ, ಹನ್ನೆರಡು ಮನೆಗಳ ಅಪಾರ್ಟ್‌ಮೆಂಟಿನಲ್ಲಿ. ಬಾಡಿಗೆಗೆ ಬಂದಾಗ "ಬಿಸಿನೀರಿಗೆ ಸೋಲಾರ್ ಇದೆ" ಅಂದಿದ್ದರು. ಇತ್ತು ನಿಜ. ಆದರೆ 2022ರ ಡಿಸೆಂಬರ್‌ನಲ್ಲಿ ಮ್ಯಾಂಡಸ್ ಚಂಡಮಾರುತದಿಂದ ಮೋಡ, ಜಿಟಿಜಿಟಿ ಮಳೆ ಹಿಡಿಯಿತಲ್ಲ, ಆಗ ನಲ್ಲಿಯಲ್ಲಿ ಬರೀ ತಣ್ಣೀರು. ಬಿಸಿಲು ಬಂದ ಮೇಲೂ ನೀರು ಕಾಯಲಿಲ್ಲ. ಟೆರೇಸ್ ಹತ್ತಿ ನೋಡಿದೆ. ಗಾಜಿನ ಕೊಳವೆಗಳ ತುದಿ ಕನ್ನಡಿ ಥರ ಹೊಳೆಯಬೇಕು. ನಮ್ಮವು ಅರ್ಧಕ್ಕರ್ಧ ಹಾಲಿನಂತೆ ಬೆಳ್ಳಗಾಗಿದ್ದವು. ಅಂದರೆ ಒಳಗಿನ ವ್ಯಾಕ್ಯೂಮ್ ಹೋಗಿದೆ, ಶಾಖ ನಿಲ್ಲುವುದಿಲ್ಲ. ಓನರ್‌ಗೆ ಹೇಳಿದರೆ "ಸಂಕ್ರಾಂತಿ ಕಳೀಲಿ, ನೋಡೋಣ" ಅಂದರು.

ನಂದಿ ಬೆಟ್ಟದ ಪಕ್ಕದ ಊರು ನಮ್ಮದು. ಮಾಗಿಯಲ್ಲಿ ಬೆಳಗಿನ ನೀರು ಮೈಗೆ ಬಿದ್ದರೆ ಉಸಿರೇ ನಿಂತ ಹಾಗಾಗುತ್ತದೆ. ಅಮ್ಮನಿಗೆ ಮಂಡಿ ನೋವು ಬೇರೆ. ಹತ್ತು ದಿನ ಬಕೆಟ್‌ಗೆ ರಾಡ್ ಹಾಕಿ ಕಾಯಿಸಿದೆವು. ಮನೆಯಲ್ಲಿ ಮೂರು ವರ್ಷದ ಮಗು ಓಡಾಡುವಾಗ ಆ ರಾಡ್ ನೋಡಿದರೆ ನನಗೆ ಎದೆ ಢವಢವ. ಗ್ಯಾಸ್ ಗೀಸರ್ ಅಗ್ಗ ಅಂತ ಪಕ್ಕದ ಮನೆಯವರು ಹೇಳಿದರು. ನಾನು ಬೇಡ ಅಂದೆ. ನಮ್ಮ ಬಚ್ಚಲಿಗೆ ಇರುವುದು ಒಂದೇ ಸಣ್ಣ ಕಿಂಡಿ. ಗಾಳಿ ಸಾಲದೆ ಗ್ಯಾಸ್ ಉರಿದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇಲ್ಲ, ಗೊತ್ತಾಗುವಷ್ಟರಲ್ಲಿ ಜೀವ ಹೋಗಿರುತ್ತದೆ. ದಯವಿಟ್ಟು ಮುಚ್ಚಿದ ಬಚ್ಚಲಲ್ಲಿ ಅದನ್ನು ಹಾಕಿಸಬೇಡಿ.

ಕೊನೆಗೆ ತಂದಿದ್ದು 15 ಲೀಟರ್, 2000 ವ್ಯಾಟ್‌ನ ಕರೆಂಟ್ ಗೀಸರ್. 60 ಡಿಗ್ರಿಗೆ ಇಟ್ಟರೆ ಚಳಿಗಾಲದಲ್ಲಿ ಇಪ್ಪತ್ತೈದು ನಿಮಿಷ ಬೇಕು. ಒಂದು ಸಲಕ್ಕೆ ಸುಮಾರು ಮುಕ್ಕಾಲು ಯೂನಿಟ್. ತಣ್ಣೀರು ಬೆರೆಸಿದರೆ ಒಬ್ಬರಿಗೆ ಧಾರಾಳ, ಇಬ್ಬರಿಗೆ ಹಿಡಿತದಲ್ಲಿ ಸಾಕು. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಅದಕ್ಕೇ ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಾಕಿ, ಕಾದ ತಕ್ಷಣ ಆರಿಸುತ್ತೇವೆ. ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸುತ್ತೇವೆ. ಇಲ್ಲಿಯವರೆಗೆ ದಾಟಿಲ್ಲ.

ಮುಖ್ಯವಾಗಿ ಹೇಳಬೇಕಾಗಿದ್ದು ಬೋರ್‌ವೆಲ್ ನೀರಿನ ವಿಷಯ. ಎರಡನೇ ಚಳಿಗಾಲಕ್ಕೆ ಗೀಸರ್ ಒಳಗಿಂದ ಚಟಪಟ ಸದ್ದು ಶುರುವಾಯಿತು. ನೀರು ಕಾಯಲು ನಲವತ್ತು ನಿಮಿಷ ಹಿಡಿಯಿತು. ಮೆಕ್ಯಾನಿಕ್ ಬಿಚ್ಚಿದಾಗ ನೋಡಿ ದಂಗಾದೆ. ಬೆರಳಿಗಿಂತ ತೆಳ್ಳಗಿದ್ದ, ನೀರು ಕಾಯಿಸುವ ಎಲಿಮೆಂಟ್ ನುಗ್ಗೆಕಾಯಿಯಷ್ಟು ದಪ್ಪ ಆಗಿತ್ತು. ಮೇಲೆಲ್ಲಾ ಬಿಳಿ ಸುಣ್ಣದ ಪದರ. ತಟ್ಟಿದರೆ ಚಕ್ಕೆ ಚಕ್ಕೆಯಾಗಿ ಉದುರಿತು. ತಳದಿಂದ ಒಂದು ಬಟ್ಟಲು ಪುಡಿ ಬಂತು. ಟ್ಯಾಂಕ್ ತುಕ್ಕು ಹಿಡಿಯದಂತೆ ತಾನು ಸವೆಯುವ ಆನೋಡ್ ರಾಡ್ ಇರುತ್ತದೆ, ಮೆಗ್ನೀಸಿಯಂನದು. ನಮ್ಮದರಲ್ಲಿ ಬರೀ ತಂತಿ ಉಳಿದಿತ್ತು. ಅಂಗಡಿಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ, ಹೇಳಬೇಕಿತ್ತು ಅಲ್ವಾ? ನಮ್ಮ ಕಡೆಯ ಗಡಸು ನೀರಿಗೆ ವರ್ಷಕ್ಕೊಂದು ಸಲ ಬಿಚ್ಚಿಸಿ ತೊಳೆಸಲೇಬೇಕು. ಬಿಸಿ ಜಾಸ್ತಿ ಇಟ್ಟಷ್ಟೂ ಸುಣ್ಣ ಬೇಗ ಕಟ್ಟುತ್ತದೆ, ಹಾಗಾಗಿ ಸುಮ್ನೆ 75ಕ್ಕೆ ತಿರುಗಿಸಬೇಡಿ.

ಹಾಕಿಸುವ ಮುಂಚೆ 16 ಆಂಪಿಯರ್ ಪ್ಲಗ್ ಮತ್ತು ಅರ್ಥಿಂಗ್ ಪರೀಕ್ಷೆ ಮಾಡಿಸಿ. ಗೋಡೆಗೆ ತೂತು ಕೊರೆಯಲು ಓನರ್ ಒಪ್ಪಿಗೆಯನ್ನು ಮೆಸೇಜ್‌ನಲ್ಲಾದರೂ ಬರೆಸಿಕೊಳ್ಳಿ. ಮನೆ ಬಿಡುವಾಗ ಗೀಸರ್ ನಮ್ಮ ಜೊತೆಗೇ ಬರುತ್ತದೆ.

ಓನರ್ ಸೋಲಾರ್ ಕೊಳವೆ ಬದಲಿಸಿದ್ದು 2024ರ ಬೇಸಿಗೆಯಲ್ಲಿ. ಅದೇ ವರ್ಷದ ಕೊನೆಗೆ ಫೆಂಗಲ್ ಚಂಡಮಾರುತ ಬಂದು ಮತ್ತೆ ಮೋಡ ಕವಿದಾಗ, ಮೇಲಿನ ಮನೆಯ ಅಜ್ಜಿ ಬಕೆಟ್ ಹಿಡಿದು ನಮ್ಮ ಮನೆಗೆ ಬಂದರು. ಅವರಿಗೆ ಕೊಟ್ಟು, ಮತ್ತೆ ಸ್ವಿಚ್ ಹಾಕಿದೆ.