ದಿವ್ಯಾ ದೇಶಮುಖ್ ಆಟ ಕಲಿಯಲು ಲಿಚೆಸ್: ಜತ್ತ, ಅಕ್ಕಲಕೋಟ ಕಡೆಯ ಪಾಲಕರಿಗಾಗಿ

ತೀರ್ಪು ಮೊದಲೇ ಹೇಳಿಬಿಡೋಣ. ದಿವ್ಯಾ ದೇಶಮುಖ್ ಹೇಗೆ ಆಡುತ್ತಾರೆ ಅಂತ ಮಕ್ಕಳಿಗೆ ತೋರಿಸಬೇಕು, ಅದಕ್ಕೆ ತಿಂಗಳಿಗಿಷ್ಟು ಅಂತ ದುಡ್ಡು ಕಟ್ಟಲು ಆಗುವುದಿಲ್ಲ ಅನ್ನುವ ಮನೆಗೆ ಲಿಚೆಸ್ ಅನ್ನುವ ಉಚಿತ ಚೆಸ್ ಆ್ಯಪ್‌ಗಿಂತ ಒಳ್ಳೆಯ ದಾರಿ ಸದ್ಯ ಕಾಣುವುದಿಲ್ಲ. ಐದಕ್ಕೆ ನಾಲ್ಕು ಕೊಡಬಹುದು. ಆದರೆ ಆ್ಯಪ್ ಇಳಿಸಿ ಹಾಗೇ ಹುಡುಗರ ಕೈಗೆ ಕೊಟ್ಟರೆ ಅವರು ಕಲಿಯುವುದು ಎರಡೇ: ಒಂದು ನಿಮಿಷದ ಬುಲೆಟ್ ಆಟ, ಮತ್ತು ಇಂಜಿನ್ (ಒಳ್ಳೆಯ ನಡೆ ಯಾವುದು ಅಂತ ಲೆಕ್ಕ ಹಾಕಿ ಹೇಳುವ ಪ್ರೋಗ್ರಾಂ) ಹೇಳಿದ್ದಕ್ಕೆ ತಲೆಯಾಡಿಸುವುದು. ಮೊದಲ ದಿನ ದೊಡ್ಡವರು ಕೂತು ಸೆಟ್ಟಿಂಗ್ ಸರಿಮಾಡಬೇಕು.

ಜುಲೈ 28, 2025ರಂದು ಜಾರ್ಜಿಯಾದ ಬಟುಮಿಯಲ್ಲಿ ದಿವ್ಯಾ ಮಹಿಳಾ ವಿಶ್ವಕಪ್ ಗೆದ್ದ ಮೇಲೆ ಮಹಾರಾಷ್ಟ್ರದ ಮೂಲೆಮೂಲೆಯಲ್ಲಿ ಚೆಸ್ ಬೋರ್ಡು ಹೊರಗೆ ಬಂದವು. ಗಡಿಭಾಗದ ಕನ್ನಡ ಶಾಲೆಗಳೂ ಅದಕ್ಕೆ ಹೊರತಲ್ಲ. ನಾಗಪುರದ ಹುಡುಗಿ, ಹುಟ್ಟಿದ್ದು ಡಿಸೆಂಬರ್ 9, 2005. ತಂದೆತಾಯಿ ಇಬ್ಬರೂ ಡಾಕ್ಟರು. ಅಕ್ಕ ಬ್ಯಾಡ್ಮಿಂಟನ್ ಹಿಡಿದರೆ ಈಕೆ ಐದನೇ ವಯಸ್ಸಿಗೆ ಚೆಸ್ ಹಿಡಿದರು. 2014ರಲ್ಲಿ ಡರ್ಬನ್‌ನಲ್ಲಿ 10 ವರ್ಷದೊಳಗಿನ, 2017ರಲ್ಲಿ ಬ್ರೆಜಿಲ್‌ನಲ್ಲಿ 12 ವರ್ಷದೊಳಗಿನ ಬಾಲಕಿಯರ ವಿಶ್ವ ಪ್ರಶಸ್ತಿ. 2021ರಲ್ಲಿ ವುಮನ್ ಗ್ರ್ಯಾಂಡ್‌ಮಾಸ್ಟರ್, 2023ರಲ್ಲಿ ಇಂಟರ್‌ನ್ಯಾಷನಲ್ ಮಾಸ್ಟರ್. 2024ರಲ್ಲಿ ಗಾಂಧಿನಗರದಲ್ಲಿ 11 ಸುತ್ತಿಗೆ 10 ಅಂಕ ತೆಗೆದು ಜೂನಿಯರ್ ವಿಶ್ವ ಪ್ರಶಸ್ತಿ. ಅದೇ ವರ್ಷ ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ಮೂರನೇ ಬೋರ್ಡಿನಲ್ಲಿ 11ಕ್ಕೆ 9.5, ತಂಡಕ್ಕೂ ಚಿನ್ನ, ಅವರಿಗೂ ಚಿನ್ನ. ಬಟುಮಿ ಗೆಲುವಿನೊಂದಿಗೆ ಗ್ರ್ಯಾಂಡ್‌ಮಾಸ್ಟರ್ ಪದವಿ ನೇರವಾಗಿ ಬಂತು. ಸಾಮಾನ್ಯವಾಗಿ ಅದಕ್ಕೆ ನಾರ್ಮ್‌ಗಳೂ (ದೊಡ್ಡ ಟೂರ್ನಿಗಳಲ್ಲಿ ಗಳಿಸುವ ಅರ್ಹತೆ) ಬೇಕು, 2500 ರೇಟಿಂಗೂ ದಾಟಬೇಕು. ಮಹಿಳಾ ವಿಶ್ವಕಪ್ ಗೆದ್ದವರಿಗೆ ಆ ಮೆಟ್ಟಿಲಿಲ್ಲ. ಹಾಗೆ ಅವರು ಭಾರತದ 88ನೇ ಗ್ರ್ಯಾಂಡ್‌ಮಾಸ್ಟರ್ ಆದರು. ಹೆಣ್ಣುಮಕ್ಕಳಲ್ಲಿ ಕೊನೇರು ಹಂಪಿ, ದ್ರೋಣವಲ್ಲಿ ಹಾರಿಕಾ, ಆರ್. ವೈಶಾಲಿ ನಂತರ ನಾಲ್ಕನೆಯವರು.

ಇಷ್ಟನ್ನು ಪೇಪರಿನಲ್ಲೂ ಓದಬಹುದು. ಆಟವನ್ನೇ ಓದಬೇಕು ಅಂದರೆ ಲಿಚೆಸ್ ಬೇಕಾಗುತ್ತದೆ.

ಆಟ ಹುಡುಕುವಲ್ಲೇ ಮೊದಲ ತೊಡಕು. ಚೆಸ್ ದಾಖಲೆಗಳಲ್ಲಿ ಆಕೆಯ ಹೆಸರು ‘ದಿವ್ಯಾ, ದೇಶಮುಖ್’ ಅಂತ, ದಿವ್ಯಾ ಅನ್ನುವುದೇ ಅಡ್ಡಹೆಸರು ಎಂಬಂತೆ ಕೂತಿದೆ. ದೇಶಮುಖ್ ಅಂತ ಮೊದಲು ಹೊಡೆದು ಸಿಗಲಿಲ್ಲ ಅಂತ ಬಿಟ್ಟುಬಿಡುವವರು ಬಹಳ. ಲಿಚೆಸ್‌ನ ಬ್ರಾಡ್‌ಕಾಸ್ಟ್ ವಿಭಾಗದೊಳಗೆ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ಆಟಗಾರರ ಪುಟ ಇದೆ. ಅಲ್ಲಿ ಎರಡೂ ಪದ ಹಾಕಿ ಹುಡುಕಿ. ಲಿಚೆಸ್ ನೇರ ಪ್ರಸಾರ ಮಾಡಿದ ಟೂರ್ನಿಗಳ ಆಟ ಅಲ್ಲಿ ಸಾಲಾಗಿ ಸಿಗುತ್ತವೆ. ಫಾಲೋ ಒತ್ತಿಟ್ಟರೆ ಮುಂದಿನ ಟೂರ್ನಿಯನ್ನು ಹುಡುಕುವ ಕೆಲಸ ತಪ್ಪುತ್ತದೆ. ಓಪನಿಂಗ್ ಎಕ್ಸ್‌ಪ್ಲೋರರ್‌ನಲ್ಲಿರುವ ಮಾಸ್ಟರ್ಸ್ ಸಂಗ್ರಹ ಬೇರೆಯದು. ಅದರಲ್ಲಿ ಇರುವುದು 2200 ದಾಟಿದವರ ಆಟ, ಆದ್ದರಿಂದ ಡರ್ಬನ್ ಕಾಲದ, ಎಂಟು ವರ್ಷದ ದಿವ್ಯಾ ಅಲ್ಲಿ ಸಿಗುತ್ತಾರೆ ಅಂತ ನಂಬಬೇಡಿ. ಮಕ್ಕಳು ಕೇಳುವುದು ಮಾತ್ರ ಅದನ್ನೇ.

ಇನ್ನು ನಿಜವಾದ ಮಾಲು: ಸ್ಟಡಿ, ಅಂದರೆ ಆಟಗಳನ್ನು ಅಧ್ಯಾಯಗಳಾಗಿ ಜೋಡಿಸಿಡುವ ನೋಟ್‌ಬುಕ್ಕು. ಬ್ರಾಡ್‌ಕಾಸ್ಟಿನಿಂದ ಒಂದು ಆಟದ ಪಿಜಿಎನ್ (ನಡೆಗಳನ್ನು ಬರೆದಿಟ್ಟ ಪಠ್ಯ ಫೈಲು) ಇಳಿಸಿಕೊಳ್ಳಿ. ಹೊಸ ಸ್ಟಡಿ ತೆರೆಯಿರಿ, ಹೊಸ ಅಧ್ಯಾಯ ಸೇರಿಸುವಾಗ ಪಿಜಿಎನ್ ಅನ್ನುವ ಟ್ಯಾಬಿನಲ್ಲಿ ಅದನ್ನು ಅಂಟಿಸಿ. ಉಳಿಸುವ ಮೊದಲು ಎರಡು ಕಡೆ ಕಣ್ಣಿಡಿ. ಒಂದು, ಬೋರ್ಡಿನ ದಿಕ್ಕು: ದಿವ್ಯಾ ಕಪ್ಪು ಆಡಿದ್ದರೆ ಕಪ್ಪನ್ನೇ ಕೆಳಗೆ ಇಡಬೇಕು. ಇನ್ನೊಂದು, ಅನಾಲಿಸಿಸ್ ಮೋಡ್: ಅಲ್ಲಿ ‘ಇಂಟರಾಕ್ಟಿವ್ ಲೆಸನ್’ ಆರಿಸಿ. ಹೀಗೆ ಮಾಡಿದರೆ ಎದುರಾಳಿಯ ನಡೆ ತಾನಾಗಿ ಬೀಳುತ್ತದೆ, ದಿವ್ಯಾಳ ನಡೆಯನ್ನು ಮಗು ಊಹಿಸಿ ಇಡಬೇಕು. ದಿಕ್ಕು ತಪ್ಪಿದರೆ ಪಾಠವೂ ತಿರುಗುಮುರುಗಾಗಿ, ಸೋತವರ ನಡೆಗಳನ್ನು ಊಹಿಸುತ್ತ ಕೂರಬೇಕಾಗುತ್ತದೆ. ಪಾಠ ಬಿಟ್ಟು ಆಟ ನೋಡಿದರೆ ಸಾಕು ಅನ್ನುವವರಿಗೆ ಮುಂದಿನ ನಡೆ ಮರೆಮಾಡುವ ಮೋಡ್ ಸಾಕು.

ಒಂದು ಸ್ಟಡಿಗೆ ಹೆಚ್ಚೆಂದರೆ 64 ಅಧ್ಯಾಯ. ಇಡೀ ಟೂರ್ನಿಯ ಪಿಜಿಎನ್ ಒಮ್ಮೆಗೇ ಸುರಿದರೆ ಬೇಡದ ಆಟಗಳೇ ಜಾಗ ತಿನ್ನುತ್ತವೆ. ಬಟುಮಿಗೊಂದು, ಬುಡಾಪೆಸ್ಟಿಗೊಂದು ಅಂತ ಬೇರೆಬೇರೆ ಇಡುವುದು ಒಳ್ಳೆಯದು. ಸ್ಟಡಿಯ ಗೋಚರತೆ ಸಾರ್ವಜನಿಕ ಅಂತ ಇದ್ದರೆ ಅನ್‌ಲಿಸ್ಟೆಡ್ (ಲಿಂಕ್ ಇದ್ದವರಿಗಷ್ಟೇ ಕಾಣುವಂತೆ) ಮಾಡಿ, ಅಧ್ಯಾಯದ ಹೆಸರಿನಲ್ಲಿ ಮಕ್ಕಳ ಪೂರ್ತಿ ಹೆಸರು, ಶಾಲೆ ಬರೆಯಬೇಡಿ.

ಯಾವ ಆಟದಿಂದ ಶುರು? ಸೆಮಿಫೈನಲ್‌ನಲ್ಲಿ ಚೀನಾದ ತಾನ್ ಝೋಂಗಿ ಎದುರಿನ ಎರಡನೇ ಆಟದಿಂದ. ತಾನ್ ಮಾಜಿ ಮಹಿಳಾ ವಿಶ್ವ ಚಾಂಪಿಯನ್. ದಿವ್ಯಾ ಬಿಳಿ, ಸಿಸಿಲಿಯನ್‌ಗೆ ಅಲಾಪಿನ್, ಅಂದರೆ 1. ಇ4 ಸಿ5 2. ಸಿ3. ಆಟ ನಡೆದದ್ದು 101 ನಡೆ. ಓಪನಿಂಗ್ ಸರಳ, ಶಾಲೆಯ ಹುಡುಗರೂ ಆಡುವಂಥದ್ದು. ಆ ಮೂರು ಕಾಲಾಳು ನಡೆ ಕಂಠಪಾಠ ಮಾಡಿ ದಿವ್ಯಾ ಓಪನಿಂಗ್ ಬಂತು ಅನ್ನುವವರಿಗೆ ಉಳಿದ ಆಟ ತೋರಿಸಿ. ಪ್ರಸಾರದ ಆಟಗಳಲ್ಲಿ ಪ್ರತಿ ನಡೆಯ ಹೊತ್ತಿನ ಗಡಿಯಾರವೂ ದಾಖಲಾಗಿರುತ್ತದೆ. ಇದೇ ಲಿಚೆಸ್‌ನಲ್ಲಿ ಹೆಚ್ಚಿನವರು ನೋಡದೇ ದಾಟಿಹೋಗುವ ಭಾಗ. ಎಲ್ಲಿ ಹತ್ತು ನಿಮಿಷ ಕೂತರು, ಎಲ್ಲಿ ಪಟಕ್ಕನೆ ಆಡಿದರು ಅಂತ ನಡೆಯ ಪಕ್ಕದಲ್ಲೇ ಕಾಣುತ್ತದೆ. ಹೆಚ್ಚು ಹೊತ್ತು ಹಿಡಿದ ನಡೆಯ ಹಿಂದಿನ ಸ್ಥಿತಿಯಲ್ಲಿ ನಿಲ್ಲಿಸಿ, ಮಗುವಿಗೂ ಅಷ್ಟೇ ಹೊತ್ತು ಕೊಡಿ, ಯೋಚಿಸಿದ್ದನ್ನು ಕಾಗದದ ಮೇಲೆ ಬರೆಸಿ. ಆಮೇಲೆ ಮುಂದಕ್ಕೆ ಒತ್ತಿ.

ಇಂಜಿನ್ ಅಲ್ಲಿಯತನಕ ಆಫ್ ಇರಬೇಕು. ಅದರ ಹೆಸರು ಸ್ಟಾಕ್‌ಫಿಶ್, ಸ್ವಿಚ್ ನಡೆಗಳ ಪಟ್ಟಿಯ ಮೇಲ್ಗಡೆಯೇ ಇದೆ, ಯಾರು ಮುಂದಿದ್ದಾರೆ ಅಂತ ತೋರಿಸುವ ಪಕ್ಕದ ಅಳತೆಪಟ್ಟಿಯನ್ನೂ ಮುಚ್ಚಬಹುದು. ಅದು ತೆರೆದಿದ್ದರೆ ಫೈನಲ್‌ನ ಹಂಪಿ–ದಿವ್ಯಾ ಆಟ ಯಾರಿಗೂ ಅರ್ಥವಾಗುವುದಿಲ್ಲ. ‘ಅಯ್ಯೋ ಇದು ತಪ್ಪು, ಅದೂ ತಪ್ಪು’ ಅಂತ ಆರನೇ ಇಯತ್ತೆಯ ಹುಡುಗ ಗ್ರ್ಯಾಂಡ್‌ಮಾಸ್ಟರುಗಳನ್ನು ತಿದ್ದುತ್ತ ಕೂರುತ್ತಾನೆ. ಹಳೆಯ ಫೋನಿನಲ್ಲಿ ಇಂಜಿನ್ ಚಾಲೂ ಬಿಟ್ಟರೆ ಫೋನು ಬಿಸಿಯಾಗುತ್ತದೆ, ಬ್ಯಾಟರಿ ಕಣ್ಣೆದುರೇ ಇಳಿಯುತ್ತದೆ, ಯಾಕೆಂದರೆ ಲೆಕ್ಕ ನಡೆಯುವುದು ನಿಮ್ಮ ಫೋನಿನಲ್ಲೇ. ಬೇಕಾದಾಗ ಒಂದೇ ಸಾಲು ತೋರಿಸುವಂತೆ ಇಟ್ಟು, ನೋಡಿ, ಮುಚ್ಚಿ. ಸ್ವಂತ ಆಟಕ್ಕೆ ‘ತಪ್ಪುಗಳಿಂದ ಕಲಿಯಿರಿ’ ಅನ್ನುವ ಗುಂಡಿ ಇದಕ್ಕಿಂತ ಎಷ್ಟೋ ವಾಸಿ: ತಪ್ಪಾದ ಜಾಗಕ್ಕೆ ಕರೆದೊಯ್ದು, ಸರಿಯಾದ ನಡೆಯನ್ನು ನೀವೇ ಹುಡುಕಿ ಅನ್ನುತ್ತದೆ.

ಆಡುವ ವೇಗದ ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಬಟುಮಿಯಲ್ಲಿ ದಿವ್ಯಾ ಝು ಜಿನರ್, ಹಾರಿಕಾ, ಕೊನೆಗೆ ಹಂಪಿ, ಈ ಮೂವರನ್ನೂ ಟೈಬ್ರೇಕ್‌ನಲ್ಲಿ (ಮುಖ್ಯ ಆಟಗಳು ಸಮವಾದಾಗ ಆಡಿಸುವ ವೇಗದ ಆಟಗಳಲ್ಲಿ) ಸೋಲಿಸಿದರು. ಫೈನಲ್‌ನ ಎರಡೂ ಕ್ಲಾಸಿಕಲ್ (ದೀರ್ಘ ಸಮಯದ) ಆಟ ಡ್ರಾ, ರ‍್ಯಾಪಿಡ್‌ನಲ್ಲಿ 1.5–0.5, ಗೆದ್ದದ್ದು ಕಪ್ಪು ಕಾಯಿಯಲ್ಲಿ. ಇದನ್ನೇ ಹಿಡಿದುಕೊಂಡು ಹುಡುಗರು ‘ಫಾಸ್ಟ್ ಆಡಿದರೇ ಗೆಲ್ಲೋದು’ ಅಂತ ವಾದ ಹೂಡುತ್ತಾರೆ. ಆ ಟೈಬ್ರೇಕ್ ತಲಾ 15 ನಿಮಿಷ, ನಡೆಗೆ 10 ಸೆಕೆಂಡ್ ಸೇರ್ಪಡೆ. ಲಿಚೆಸ್ ಮುಖಪುಟದ ಚೌಕಗಳಲ್ಲಿ 15+10 ಅಂತ ಇರುವುದು ಅದೇ. ಅದನ್ನು ಒತ್ತಿಸಿ, 1+0 ಮರೆತುಬಿಡಿ. ಮುಖ್ಯ ಆಟಗಳದ್ದು 40 ನಡೆಗೆ 90 ನಿಮಿಷ, ಆಮೇಲೆ 30 ನಿಮಿಷ, ಮೊದಲ ನಡೆಯಿಂದ 30 ಸೆಕೆಂಡ್ ಸೇರ್ಪಡೆ. ಈ ಎರಡು ಹಂತದ ಗಡಿಯಾರ ಲಿಚೆಸ್‌ನಲ್ಲಿ ಇಡಲು ಬರುವುದಿಲ್ಲ, ಇದೊಂದು ಕೊರತೆ. 90+30 ಅಂತ ಇಡಬಹುದು, ಆದರೆ ಎದುರಾಳಿಯನ್ನು ನೀವೇ ಗೊತ್ತುಮಾಡಿಕೊಂಡಿರಬೇಕು. ಉಮದಿಯ ಹುಡುಗಿಗೂ ಅಕ್ಕಲಕೋಟದ ಹುಡುಗಿಗೂ ಭಾನುವಾರ ಹೊತ್ತು ಗೊತ್ತುಮಾಡಿ ಲಿಂಕ್ ಕಳಿಸಿದರೆ ಆಯಿತು.

ನೆಟ್‌ವರ್ಕ್ ಕೈಕೊಡುವ ಊರಾದರೆ ಇನ್ನೊಂದು ಎಚ್ಚರ. ಸಂಪರ್ಕ ಕಡಿದು ವಾಪಸು ಬಾರದಿದ್ದರೆ ಎದುರಾಳಿ ಗೆಲುವು ಕೇಳಬಹುದು. ಪದೇಪದೇ ಆಟ ಅರ್ಧಕ್ಕೆ ಬಿಟ್ಟಂತೆ ಕಂಡರೆ ಖಾತೆಗೆ ಸ್ವಲ್ಪ ಹೊತ್ತು ತಡೆ ಬೀಳುತ್ತದೆ. ಕರೆಂಟು ಹೋಯಿತೋ ಹುಡುಗ ಮುನಿಸಿಕೊಂಡನೋ ಅದಕ್ಕೆ ಗೊತ್ತಾಗುವುದಿಲ್ಲ. ಅಂಥ ದಿನ ಆಫ್‌ಲೈನ್ ಪಝಲ್ ಮಾಡಿಸಿ. ಆ್ಯಪ್ ಮೊದಲೇ ಒಂದಷ್ಟನ್ನು ಇಳಿಸಿಟ್ಟುಕೊಂಡಿರುತ್ತದೆ. ಪಝಲ್‌ಗೆ ದಿನದ ಮಿತಿ ಇಲ್ಲ, ಜಾಹೀರಾತೂ ಇಲ್ಲ. ದೇಣಿಗೆ ಕೊಟ್ಟವರ ಹೆಸರಿನ ಪಕ್ಕ ಒಂದು ರೆಕ್ಕೆಯ ಗುರುತು ಬರುತ್ತದೆ, ಅಷ್ಟೇ ವ್ಯತ್ಯಾಸ.

ರೇಟಿಂಗ್ ಬಗ್ಗೆ ಪಾಲಕರು ಮೋಸ ಹೋಗುವುದು ಖಾತ್ರಿ, ಮೋಸ ಮಾಡುವವರು ಯಾರೂ ಇಲ್ಲದಿದ್ದರೂ. ಲಿಚೆಸ್‌ನಲ್ಲಿ ಎಲ್ಲರೂ 1500ರಿಂದ ಶುರು, ಲೆಕ್ಕ ಗ್ಲಿಕೊ-2 ಪದ್ಧತಿಯದು. ಫಿಡೆಯದು ಎಲೊ, ಅಲ್ಲಿ 2024ರ ಮಾರ್ಚ್‌ನಿಂದ ಕನಿಷ್ಠವೇ 1400. ಎರಡಕ್ಕೂ ಸಂಬಂಧವಿಲ್ಲ. ಮಗಳಿಗೆ ಲಿಚೆಸ್‌ನಲ್ಲಿ 1700 ಇದೆ ಅಂತ ರೇಟೆಡ್ ಟೂರ್ನಿಗೆ ಹೋದರೆ ಮೊದಲ ಎರಡು ಸುತ್ತಿನಲ್ಲೇ ಮುಖ ಸಪ್ಪಗಾಗುತ್ತದೆ. ಬಟುಮಿಗೆ ಹೋದಾಗ ದಿವ್ಯಾ ರೇಟಿಂಗ್ 2463, ಶ್ರೇಯಾಂಕ 15. ಆ ಅಂಕಿ ಬಂದದ್ದು ಬೋರ್ಡಿನ ಮುಂದೆ ಕೂತು.

ಮಕ್ಕಳ ಖಾತೆಗೆ ಕಿಡ್ ಮೋಡ್ ಕಡ್ಡಾಯ ಅನ್ನಿ. ಚಾಟ್, ಸಂದೇಶ ಎಲ್ಲ ಮುಚ್ಚಿಹೋಗುತ್ತದೆ. ಹದಿನೆಂಟನೇ ವಯಸ್ಸಿಗೇ ದಿವ್ಯಾ ನೆದರ್ಲೆಂಡ್ಸ್‌ನ ಟೂರ್ನಿಯೊಂದರ ಬಳಿಕ ಬಹಿರಂಗವಾಗಿ ಹೇಳಬೇಕಾಯಿತು: ನೋಡುವವರು ಆಟ ಬಿಟ್ಟು ತನ್ನ ಬಟ್ಟೆ, ಕೂದಲು, ಮಾತಿನ ಧಾಟಿ ನೋಡುತ್ತಾರೆ ಅಂತ. ಆನ್‌ಲೈನಿನ ಚಾಟ್ ಪೆಟ್ಟಿಗೆ ಅದಕ್ಕಿಂತ ಸಭ್ಯವಾಗಿರುತ್ತದೆ ಅಂತ ಭಾವಿಸಲು ಕಾರಣವಿಲ್ಲ. ಶಿಕ್ಷಕರಿಗೆ ‘ಕ್ಲಾಸ್’ ಅನ್ನುವ ಸೌಲಭ್ಯ ಇದೆ. ಇಮೇಲ್ ಇಲ್ಲದ ಮಕ್ಕಳಿಗೂ ಖಾತೆ ಮಾಡಿಕೊಟ್ಟು, ಮರೆತ ಪಾಸ್‌ವರ್ಡ್ ಶಿಕ್ಷಕರೇ ಬದಲಿಸಬಹುದು. ಅಣ್ಣ ತಂಗಿಗೆ ಒಂದೇ ಖಾತೆ ಬೇಡ, ರೇಟಿಂಗ್ ಕಲಸುಮೇಲೋಗರ ಆಗುತ್ತದೆ. ಪಕ್ಕದಲ್ಲಿ ಕೂತ ಕಾಕಾ ಇನ್ನೊಂದು ಫೋನಿನ ಇಂಜಿನ್ ನೋಡಿ ನಡೆ ಹೇಳಿಕೊಟ್ಟರೆ ಖಾತೆಯೇ ಹೋಗುತ್ತದೆ.

ಕನ್ನಡದ ಮಾತು: ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಅನುವಾದ ಅರೆಬರೆ. ಗುಂಡಿಗಳು ಒಂದಷ್ಟು ಕನ್ನಡ, ಒಂದಷ್ಟು ಇಂಗ್ಲಿಷ್. ನಡೆಗಳ ಬರವಣಿಗೆಯನ್ನು ಕಾಯಿಚಿತ್ರಕ್ಕೆ ಬದಲಿಸಿದರೆ ಚಿಕ್ಕ ಮಕ್ಕಳಿಗೆ ಸಲೀಸು. ಆದರೆ ಟೂರ್ನಿಗೆ ಹೊರಟವರು ಅಕ್ಷರದ ಬರವಣಿಗೆಯನ್ನೇ ರೂಢಿಸಿಕೊಳ್ಳಲಿ.

ಐದನೇ ಅಂಕ ಯಾಕೆ ಕಳೆದದ್ದು ಅಂದರೆ, ಟೂರ್ನಿ ಹಾಲಿನಲ್ಲಿ ಬೇಕಾಗುವ ಅಭ್ಯಾಸಗಳನ್ನು ಲಿಚೆಸ್ ಕಲಿಸುವುದಿಲ್ಲ, ಕೆಲವನ್ನು ಕೆಡಿಸುತ್ತದೆ. ಪರದೆಯಲ್ಲಿ ಕಾಯಿ ಎತ್ತಿ ವಾಪಸು ಇಟ್ಟರೆ ಕೇಳುವವರಿಲ್ಲ. ಹಾಲಿನಲ್ಲಿ ಮುಟ್ಟಿದ ಕಾಯಿ ಆಡಲೇಬೇಕು. ಪರದೆಯಲ್ಲಿ ನಿಯಮ ಮೀರಿದ ನಡೆ ಇಡಲು ಬರುವುದೇ ಇಲ್ಲ, ಹಾಗಾಗಿ ರಾಜನಿಗೆ ಚೆಕ್ ಬಿದ್ದದ್ದನ್ನು ಗಮನಿಸುವ ಕಣ್ಣು ಸೋಮಾರಿಯಾಗುತ್ತದೆ. ಕ್ಲಾಸಿಕಲ್ ಆಟದಲ್ಲಿ ಮೊದಲ ಅಕ್ರಮ ನಡೆಗೆ ಎದುರಾಳಿಗೆ ಎರಡು ನಿಮಿಷ ಹೆಚ್ಚು, ಎರಡನೆಯದಕ್ಕೆ ಸೋಲು. ನಡೆ ಬರೆಯುವುದೂ ಅಷ್ಟೇ: 30 ಸೆಕೆಂಡ್ ಸೇರ್ಪಡೆ ಇರುವ ಆಟದಲ್ಲಿ ಕೊನೆಯತನಕ ಬರೆಯಬೇಕು, ಸಮಯ ಇಲ್ಲ ಅನ್ನುವ ನೆಪ ನಡೆಯುವುದಿಲ್ಲ.

ಈ ಭಾಗದಲ್ಲಿ ಅದಕ್ಕೆ ಹೆಸರಾದ ಜಾಗ ಸಾಂಗಲಿ. ಭಾವುಸಾಹೇಬ ಪಡಸಲಗೀಕರ್ ಕಟ್ಟಿದ ನೂತನ ಬುದ್ಧಿಬಳ ಮಂಡಳ ಅಲ್ಲಿದೆ. ಐದು ಸಲ ರಾಷ್ಟ್ರೀಯ ಮಹಿಳಾ ಚಾಂಪಿಯನ್ ಆದ ಭಾಗ್ಯಶ್ರೀ ಸಾಠೆ ಥಿಪ್ಸೆ ಆ ಊರಿನ ಚೆಸ್‌ನಿಂದ ಬಂದವರು, ವುಮನ್ ಗ್ರ್ಯಾಂಡ್‌ಮಾಸ್ಟರ್ ಸ್ವಾತಿ ಘಾಟೆಯೂ. ಅಲ್ಲಿನ ಟೂರ್ನಿಗೆ ಹೊರಡುವ ಮುಂಚೆ ಮನೆಯಲ್ಲಿ ಹೀಗೆ ಮಾಡಿ: ಆ್ಯಪಿನ ಗಡಿಯಾರ ಇಟ್ಟು, ನಿಜವಾದ ಬೋರ್ಡಿನ ಮೇಲೆ ಒಂದು 15+10 ಆಟ, ಕಾಯಿ ಆಡಿದ ಕೈಯಿಂದಲೇ ಗಡಿಯಾರ ಒತ್ತಿಸುತ್ತ, ಪ್ರತಿ ನಡೆ ಬರೆಸುತ್ತ. ಮುಗಿದ ಮೇಲೆ ಆ ಹಾಳೆ ನೋಡಿಕೊಂಡು ಆಟವನ್ನು ಸ್ಟಡಿಗೆ ಏರಿಸಿ. ಯಾವ ನಡೆ ತಪ್ಪು ಬರೆದಿದೆ ಅನ್ನುವುದು ಹೆಚ್ಚಾಗಿ ಅಲ್ಲೇ ಸಿಕ್ಕಿಬೀಳುತ್ತದೆ, ಯಾಕೆಂದರೆ ಅದನ್ನೋ ಅದರ ಮುಂದಿನ ಯಾವುದಾದರೂ ನಡೆಯನ್ನೋ ಲಿಚೆಸ್ ಒಪ್ಪುವುದಿಲ್ಲ.